ಹಾರ್ಡ್ ಡಿಸ್ಕ್‌ನಲ್ಲಿ ಕಾಣೆಯಾದ ಜಾಗ ಎಲ್ಲಿಗೆ ಹೋಗುತ್ತದೆ? ಅಳಿಸುವ ಮೊದಲು ಲೆಕ್ಕ ಹಾಕಿ

ಕಂಪ್ಯೂಟರಿನ ಸಿ ಡ್ರೈವ್ ಕೆಂಪಾಗಿದೆ. ಫೋಟೋ, ವಿಡಿಯೋ, ಹಾಡು ಎಲ್ಲ ಕೂಡಿಸಿ ನೋಡಿದರೂ ಡಿಸ್ಕ್ ಇಷ್ಟು ತುಂಬಬಾರದು. ಹಾಗಾದರೆ ಉಳಿದ ಜಾಗ ಎಲ್ಲಿ ಹೋಯಿತು?

ಈ ಪ್ರಶ್ನೆಗೆ ವಾಟ್ಸಾಪ್‌ನಲ್ಲಿ ಸಿದ್ಧ ಉತ್ತರಗಳು ಓಡಾಡುತ್ತಿರುತ್ತವೆ. ವೈರಸ್ ತಿಂದಿದೆ ಎನ್ನುವುದು ಒಂದು. ಡಿಸ್ಕ್ ಹಳೆಯದಾಗಿ ಸವೆದಿದೆ ಎನ್ನುವುದು ಇನ್ನೊಂದು. ಕಂಪನಿಯವರು ಮೋಸ ಮಾಡಿದ್ದಾರೆ ಎನ್ನುವುದು ಮತ್ತೊಂದು. ಇವೆಲ್ಲಕ್ಕಿಂತ ಅಪಾಯದ್ದು, ‘ಇಷ್ಟು ಫೋಲ್ಡರ್ ಅಳಿಸಿ, ಕಂಪ್ಯೂಟರ್ ಹೊಸದರಂತೆ ಆಗುತ್ತದೆ, ಎಲ್ಲ ಗ್ರೂಪಿಗೂ ಕಳುಹಿಸಿ’ ಎಂಬ ಪಟ್ಟಿ. ಈ ಪಟ್ಟಿಗಳಲ್ಲಿ ಒಂದೆರಡು ಸಾಲು ಸರಿಯಾಗಿಯೇ ಇರುತ್ತವೆ. ಅದನ್ನು ನಂಬಿ ಮೂರನೆಯ ಸಾಲನ್ನೂ ಮಾಡಿದಾಗ ತೊಂದರೆ ಶುರುವಾಗುತ್ತದೆ.

ಕಳೆದ ಮಳೆಗಾಲದಲ್ಲಿ ಹಾಲಾಡಿಯ ಪರಿಚಯದ ಮನೆಯಿಂದ ನನಗೊಂದು ಫೋನ್ ಬಂತು. ಮನೆಯ ಯಜಮಾನರು ನನಗಿಂತ ಬಹಳ ಹಿರಿಯರು, ನಾನು ಅವರನ್ನು ಮಾವ ಎಂದೇ ಕರೆಯುವುದು. “ಹ್ವಾಯ್, ಲ್ಯಾಪ್‌ಟಾಪಂಗೆ ಜಾಗ ಇಲ್ಲೆ ಅಂದೇಳಿ ತೋರ್ಸ್ತಾ ಇತ್ತ್ ಮಾರಾಯಾ. ಒಳಗ್ ಕಂಡ್ರೆ ಎಂತದೂ ಇಲ್ಲೆ” ಎಂದರು. ಪೇಟೆಯಲ್ಲಿ ರಿಪೇರಿ ಮಾಡುವವರೊಬ್ಬರು ಫಾರ್ಮ್ಯಾಟ್ ಮಾಡಿಬಿಡೋಣ ಎಂದಿದ್ದರಂತೆ. ಅಷ್ಟರಲ್ಲಿ ಊರಿನ ಗ್ರೂಪಿಗೆ ಮೇಲೆ ಹೇಳಿದಂಥ ಒಂದು ಪಟ್ಟಿ ಬಂದಿತ್ತು. ಅದರ ಕೊನೆಯಲ್ಲಿ ‘ಉಪಯೋಗಿಸದ ಹಳೆಯ ಯೂಸರ್ ಅಕೌಂಟ್‌ಗಳನ್ನು ಡಿಲೀಟ್ ಮಾಡಿ’ ಎಂದಿತ್ತು. ಬೆಂಗಳೂರಿಗೆ ಕೆಲಸಕ್ಕೆ ಹೋದ ಮಗನ ಅಕೌಂಟ್ ಆ ಲ್ಯಾಪ್‌ಟಾಪಿನಲ್ಲಿ ಹಾಗೇ ಇತ್ತು. ಮಾವ ಅದನ್ನು ತೆಗೆಯಲೇ ಎಂದು ಕೇಳಲು ಫೋನ್ ಮಾಡಿದ್ದರು. ಕೇಳಿದ್ದು ಒಳ್ಳೆಯದಾಯಿತು.

ಮೊದಲು ಪೆಟ್ಟಿಗೆಯ ಮೇಲಿನ ಅಂಕಿಯ ಜಗಳ

ಮಾವನ ಮೊದಲ ದೂರು ಇದು: 500 ಜಿಬಿ ಎಂದು ದುಡ್ಡು ಕೊಟ್ಟಿದ್ದು, ಕಂಪ್ಯೂಟರ್ ತೋರಿಸುವುದು 464. ಇಲ್ಲಿ ಯಾರೂ ಕದ್ದಿಲ್ಲ. ಅಳೆಯುವ ಸೇರು ಮಾತ್ರ ಬೇರೆ.

ಡಿಸ್ಕ್ ತಯಾರಿಸುವವರು 1 ಜಿಬಿ ಎಂದರೆ ಸರಿಯಾಗಿ 100 ಕೋಟಿ ಬೈಟ್ ಎಂದು ಹಿಡಿಯುತ್ತಾರೆ. ವಿಂಡೋಸ್ ಎರಡರ ಘಾತದಲ್ಲಿ ಎಣಿಸುತ್ತದೆ. ಅದಕ್ಕೆ 1 ಕೆಬಿ ಎಂದರೆ 1024 ಬೈಟ್, 1 ಎಂಬಿ ಎಂದರೆ 1024 ಕೆಬಿ, 1 ಜಿಬಿ ಎಂದರೆ 1024 ಎಂಬಿ. ಗುಣಿಸಿ ನೋಡಿದರೆ ವಿಂಡೋಸಿನ ಒಂದು ಜಿಬಿಗೆ 1,07,37,41,824 ಬೈಟ್ ಆಗುತ್ತದೆ. ದೊಡ್ಡ ಸೇರಿನಲ್ಲಿ ಅಳೆದರೆ ಸೇರಿನ ಸಂಖ್ಯೆ ಕಡಿಮೆ ಬರುತ್ತದೆ, ಅಕ್ಕಿ ಅಷ್ಟೇ ಇರುತ್ತದೆ. ಹಾಗಾಗಿ 500 ಜಿಬಿ ಡಿಸ್ಕ್ ವಿಂಡೋಸಿನಲ್ಲಿ 465 ಜಿಬಿ, 1 ಟಿಬಿ ಡಿಸ್ಕ್ 931 ಜಿಬಿ, 512 ಜಿಬಿಯ ಎಸ್‌ಎಸ್‌ಡಿ 476 ಜಿಬಿ. ಸುಮಾರು 100ಕ್ಕೆ 7ರಷ್ಟು ವ್ಯತ್ಯಾಸ. ಮಾವನ ಡಿಸ್ಕ್‌ನಲ್ಲಿ ಇನ್ನೂ ಒಂದು ಜಿಬಿ ಕಡಿಮೆ ಕಂಡದ್ದು, ಕಂಪ್ಯೂಟರ್ ಕೆಟ್ಟಾಗ ರಿಪೇರಿಗೆಂದು ವಿಂಡೋಸ್ ಪ್ರತ್ಯೇಕವಾಗಿ ಇಟ್ಟುಕೊಳ್ಳುವ ರಿಕವರಿ ಭಾಗಕ್ಕೆ.

ಈ ಗೊಂದಲ ತೀರಿಸಲು ಅಂತರರಾಷ್ಟ್ರೀಯ ವಿದ್ಯುತ್ ತಾಂತ್ರಿಕ ಆಯೋಗ 1998ರಲ್ಲೇ 1024ರ ಲೆಕ್ಕಕ್ಕೆ ಕಿಬಿಬೈಟ್, ಮೆಬಿಬೈಟ್, ಗಿಬಿಬೈಟ್ ಎಂಬ ಬೇರೆ ಹೆಸರುಗಳನ್ನು ಕೊಟ್ಟಿತು. ವಿಂಡೋಸ್ ಇವತ್ತಿಗೂ ಗಿಬಿಬೈಟ್‌ನಲ್ಲಿ ಎಣಿಸಿ ಜಿಬಿ ಎಂದೇ ಬರೆಯುತ್ತದೆ. ಆ್ಯಪಲ್ 2009ರಲ್ಲಿ ತನ್ನ ಮ್ಯಾಕ್ ಕಂಪ್ಯೂಟರುಗಳ ಲೆಕ್ಕವನ್ನು 1000ಕ್ಕೆ ಬದಲಿಸಿತು. ಆದ್ದರಿಂದ ಒಂದೇ ಎಕ್ಸ್‌ಟರ್ನಲ್ ಡಿಸ್ಕ್ ಮ್ಯಾಕ್‌ನಲ್ಲಿ 1 ಟಿಬಿ, ವಿಂಡೋಸ್‌ನಲ್ಲಿ 931 ಜಿಬಿ ಎಂದು ಕಾಣುತ್ತದೆ. ಅಮೆರಿಕದಲ್ಲಿ ಗ್ರಾಹಕರು ಇದಕ್ಕಾಗಿ ಕೋರ್ಟಿಗೂ ಹೋದರು. 2006ರಲ್ಲಿ ವೆಸ್ಟರ್ನ್ ಡಿಜಿಟಲ್, ಮರುವರ್ಷ ಸೀಗೇಟ್ ರಾಜಿ ಮಾಡಿಕೊಂಡವು. ಗ್ರಾಹಕರಿಗೆ ಸಿಕ್ಕ ಪರಿಹಾರದಲ್ಲಿ ಮುಖ್ಯವಾದದ್ದು ಉಚಿತ ಬ್ಯಾಕಪ್ ಸಾಫ್ಟ್‌ವೇರ್!

ಕಂಪನಿ ಮೋಸ ಎಂಬ ಫಾರ್ವರ್ಡ್ ಹುಟ್ಟುವುದು ಈ ಎರಡು ಲೆಕ್ಕಗಳ ನಡುವೆ. ನಿಜವಾದ ಮೋಸ ಬೇರೆ ಕಡೆ ಇದೆ. ಐನೂರು ಆರುನೂರು ರೂಪಾಯಿಗೆ 2 ಟಿಬಿ ಪೆನ್‌ಡ್ರೈವ್ ಎಂಬ ಜಾಹೀರಾತು ನೋಡಿದ್ದೀರಲ್ಲ? ಅದರೊಳಗೆ ಕಡಿಮೆ ಸಾಮರ್ಥ್ಯದ ಚಿಪ್ ಇಟ್ಟು, ಕಂಪ್ಯೂಟರಿಗೆ 2 ಟಿಬಿ ಎಂದು ಸುಳ್ಳು ಹೇಳುವಂತೆ ಮಾಡಿರುತ್ತಾರೆ. ನೀವು ತುಂಬಿಸುತ್ತ ಹೋಗುತ್ತೀರಿ, ಫೈಲಿನ ಹೆಸರುಗಳೆಲ್ಲ ಕಾಣುತ್ತವೆ. ತೆರೆದರೆ ಒಳಗೆ ಏನೂ ಇರುವುದಿಲ್ಲ. ಇಲ್ಲದ ಜಾಗವನ್ನು ಇದೆ ಎನ್ನುವ ಕಳ್ಳತನ ಇದು. ಎಚ್2ಟೆಸ್ಟ್‌ಡಬ್ಲ್ಯು ಎಂಬ ಉಚಿತ ತಂತ್ರಾಂಶ ಪೂರ್ತಿ ಡ್ರೈವಿಗೆ ಬರೆದು, ಮತ್ತೆ ಓದಿ, ನಿಜವಾಗಿ ಎಷ್ಟಿದೆ ಎಂದು ಹೇಳುತ್ತದೆ. ಹೊಸ ಪೆನ್‌ಡ್ರೈವಿಗೆ ಮದುವೆ ವಿಡಿಯೋ ಹಾಕುವ ಮೊದಲು ಒಮ್ಮೆ ಹೀಗೆ ನೋಡಿಕೊಳ್ಳುವುದು ಒಳ್ಳೆಯದು.

453 ಜಿಬಿ ತುಂಬಿದೆ, 267 ಜಿಬಿ ಕಾಣುತ್ತಿದೆ

ಮಾವನ ಎರಡನೆಯ ದೂರಿನಲ್ಲಿ ತಿರುಳಿತ್ತು. ಒಟ್ಟು 464 ಜಿಬಿಯಲ್ಲಿ ಖಾಲಿ ಇರುವುದು 11. ಅಂದರೆ ತುಂಬಿರುವುದು 453. ಆದರೆ ಸಿ ಡ್ರೈವ್ ತೆರೆದು, ಎಲ್ಲ ಫೋಲ್ಡರ್ ಒಟ್ಟಿಗೆ ಆರಿಸಿ, ಪ್ರಾಪರ್ಟೀಸ್ ನೋಡಿದರೆ 267 ಜಿಬಿ ಮಾತ್ರ. 186 ಜಿಬಿಗೆ ಲೆಕ್ಕವೇ ಇಲ್ಲ. ಡಿಸ್ಕ್‌ನ 100ಕ್ಕೆ 40 ಪಾಲು!

ಪ್ರಾಪರ್ಟೀಸ್ ಹೇಳುವ ಮೊತ್ತ ಡಿಸ್ಕ್‌ನಲ್ಲಿ ಇರುವುದರದ್ದಲ್ಲ, ನಿಮಗೆ ಕಾಣುವುದರದ್ದು. ಬಚ್ಚಿಟ್ಟ ಫೈಲುಗಳನ್ನು ನೀವು ಆರಿಸಿಯೇ ಇರುವುದಿಲ್ಲ, ಹಾಗಾಗಿ ಅವು ಲೆಕ್ಕಕ್ಕೆ ಬರುವುದಿಲ್ಲ. ನಿಮ್ಮ ಅಕೌಂಟಿಗೆ ಒಳಗೆ ಹೋಗಲು ಅನುಮತಿ ಇಲ್ಲದ ಫೋಲ್ಡರುಗಳಿದ್ದರೆ ಅವುಗಳ ಒಳಗಿನದ್ದನ್ನೂ ವಿಂಡೋಸ್ ಎಣಿಸುವುದಿಲ್ಲ. ಎಣಿಸಲಿಲ್ಲ ಎಂದು ಹೇಳುವುದೂ ಇಲ್ಲ, ಸುಮ್ಮನೆ ಸೊನ್ನೆ ಎಂದು ಹಿಡಿದು ಮುಂದೆ ಹೋಗುತ್ತದೆ. ಬೀಗ ಹಾಕಿದ ಕೋಣೆಯನ್ನು ಬಿಟ್ಟು ಮನೆಯ ಸಾಮಾನು ಪಟ್ಟಿ ಮಾಡಿದ ಹಾಗೆ.

ಇದಕ್ಕೆ ಒಳ್ಳೆಯ ಮದ್ದು ವಿನ್‌ಡರ್‌ಸ್ಟ್ಯಾಟ್ ಅಥವಾ ವಿಜ್‌ಟ್ರೀ ಎಂಬ ತಂತ್ರಾಂಶ. ಇವು ಇಡೀ ಡಿಸ್ಕ್ ಜಾಲಾಡಿ, ಪ್ರತಿ ಫೈಲನ್ನೂ ಅದರ ಗಾತ್ರಕ್ಕೆ ತಕ್ಕ ಬಣ್ಣದ ಚೌಕವಾಗಿ ತೋರಿಸುತ್ತವೆ. ಗುಡ್ಡದ ಮೇಲೆ ನಿಂತು ಗದ್ದೆ ಬೈಲು ನೋಡಿದಂತೆ, ಯಾವ ಗದ್ದೆ ದೊಡ್ಡದು ಎಂದು ಒಂದೇ ನೋಟಕ್ಕೆ ತಿಳಿಯುತ್ತದೆ. ಒಂದು ಷರತ್ತು: ಐಕಾನ್ ಮೇಲೆ ಬಲಗಡೆ ಕ್ಲಿಕ್ ಮಾಡಿ ‘ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್’ ಎಂದೇ ತೆರೆಯಬೇಕು. ಇಲ್ಲದಿದ್ದರೆ ಬೀಗದ ಕೋಣೆ ಹಾಗೇ ಉಳಿಯುತ್ತದೆ. ಡೌನ್‌ಲೋಡ್ ಮಾಡುವಾಗ ಅದರದ್ದೇ ಜಾಲತಾಣಕ್ಕೆ ಹೋಗಿ. ಫಾರ್ವರ್ಡ್‌ನಲ್ಲಿ ಬಂದ ಲಿಂಕ್ ಒತ್ತಬೇಡಿ.

ಮಾವನ ಅಕೌಂಟಿಗೆ ಅಡ್ಮಿನಿಸ್ಟ್ರೇಟರ್ ಅಧಿಕಾರ ಇರಲಿಲ್ಲ. ಅದು ಮಗನ ಹೆಸರಲ್ಲಿತ್ತು. ಬೆಂಗಳೂರಿಗೆ ಫೋನ್ ಮಾಡಿ ಪಾಸ್‌ವರ್ಡ್ ಕೇಳಿದೆವು. ಎರಡು ಪಾಸ್‌ವರ್ಡ್ ತಪ್ಪಾಗಿ, ಮೂರನೆಯದು ಸರಿಯಾಗಿ, ಹಾರ್ಡ್ ಡಿಸ್ಕ್ ಗುರ್ ಎನ್ನುತ್ತ ಎಣಿಸತೊಡಗಿತು. ಹಳೆಯ ತಿರುಗುವ ಡಿಸ್ಕ್ ಆದ್ದರಿಂದ ಒಂದು ಚಾ ಕುಡಿದು ಮುಗಿಸುವಷ್ಟು ಹೊತ್ತು ಬೇಕಾಯಿತು.

ಬೀಗದ ಕೋಣೆಯೊಳಗೆ ಏನಿತ್ತು?

ಎಲ್ಲಕ್ಕಿಂತ ದೊಡ್ಡ ಚೌಕ ಮಗನ ಯೂಸರ್ ಫೋಲ್ಡರ್. 94 ಜಿಬಿ. ಅದರಲ್ಲಿ ಸುಮಾರು 80 ಜಿಬಿ ಬರೀ ಮೂರು ರಾತ್ರಿಯ ವಿಡಿಯೋ. ಒಂದು, ಆ ಮನೆಯವರೇ ಆಡಿಸಿದ ಹರಕೆ ಆಟ. ಉಳಿದೆರಡು ಹತ್ತಿರದ ಗದ್ದೆಯಲ್ಲಿ ಆದ ಬಯಲಾಟ. ಮಗ ಕಾಲೇಜಿನಲ್ಲಿದ್ದಾಗ ಕ್ಯಾಮೆರಾ ತಂದು ಚೌಕಿಪೂಜೆಯಿಂದ ಬೆಳಗಿನ ಮಂಗಳದವರೆಗೆ ಚಿತ್ರೀಕರಿಸಿದ್ದ. ಹರಕೆ ಆಟದ ವಿಡಿಯೋದಲ್ಲಿ ಎದುರು ಸಾಲಿನಲ್ಲಿ ಕೂತ ಮಾವನ ತಾಯಿ ಇದ್ದಾರೆ. ಅವರು ಈಗಿಲ್ಲ. ಕ್ಯಾಮೆರಾದ ಮೆಮೊರಿ ಕಾರ್ಡ್ ಯಾವತ್ತೋ ಹಾಳಾಗಿ, ಆ ವಿಡಿಯೋ ಹೋಯಿತೆಂದೇ ಮನೆಯವರು ತಿಳಿದಿದ್ದರು. ಮಗನಿಗೂ ಲ್ಯಾಪ್‌ಟಾಪಿಗೆ ಹಾಕಿದ್ದು ಮರೆತುಹೋಗಿತ್ತು.

ಫಾರ್ವರ್ಡ್ ಹೇಳಿದಂತೆ ಆ ಅಕೌಂಟನ್ನು ತೆಗೆಯಲು ಹೋಗಿದ್ದರೆ ವಿಂಡೋಸ್ ಕೇಳುತ್ತಿದ್ದ ಪ್ರಶ್ನೆ ‘ಡಿಲೀಟ್ ಅಕೌಂಟ್ ಆ್ಯಂಡ್ ಡೇಟಾ’. ಡೇಟಾ ಎಂದರೆ ಆ ಮೂರೂ ರಾತ್ರಿ. ಹೀಗೆ ಅಳಿಸಿದ್ದು ಕಸದ ಬುಟ್ಟಿಗೂ ಹೋಗುವುದಿಲ್ಲ. ಆಮೇಲೆ ಜಾಗವೇನೋ ಸಿಗುತ್ತಿತ್ತು, ಫಾರ್ವರ್ಡ್ ಕೆಲಸ ಮಾಡಿತು ಎಂದು ಮಾವ ಅದನ್ನು ಇನ್ನೂ ನಾಲ್ಕು ಗ್ರೂಪಿಗೆ ಕಳುಹಿಸಿರುತ್ತಿದ್ದರು.

ವಿಡಿಯೋ ಇಷ್ಟು ಜಾಗ ಹಿಡಿಯುತ್ತದೆಯೇ ಎಂದು ಕೇಳುವವರಿಗೆ ಸಣ್ಣ ಲೆಕ್ಕ. ಸಾಧಾರಣ ಗುಣಮಟ್ಟದಲ್ಲಿ ಸೆಕೆಂಡಿಗೆ 1 ಎಂಬಿ ಎಂದು ಹಿಡಿಯಿರಿ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ 8 ಗಂಟೆ, ಅಂದರೆ 28,800 ಸೆಕೆಂಡು. ಒಂದು ಆಟಕ್ಕೆ ಹತ್ತಿರಹತ್ತಿರ 29 ಜಿಬಿ ಆಯಿತು. ಇದಕ್ಕೆ ಹೋಲಿಸಿದರೆ ಅಕ್ಷರ ಲೆಕ್ಕಕ್ಕೇ ಇಲ್ಲ. ಈಗ ಜಾಲತಾಣಗಳಲ್ಲಿ ಬಳಸುವ ಯೂನಿಕೋಡ್ ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೆ 3 ಬೈಟ್ ಬೇಕು. ‘ಹಾಲಾಡಿ’ ಎಂದು ಬರೆಯಲು ಮೂರು ವ್ಯಂಜನ, ಮೂರು ಸ್ವರಚಿಹ್ನೆ ಸೇರಿ 18 ಬೈಟ್. ಪಕ್ಕದಲ್ಲೊಂದು ಖಾಲಿ ಜಾಗ ಬಿಟ್ಟು ಬರೆಯುತ್ತ ಹೋದರೂ 1 ಜಿಬಿಯಲ್ಲಿ ಊರಿನ ಹೆಸರನ್ನು 5 ಕೋಟಿಗಿಂತ ಹೆಚ್ಚು ಸಲ ಬರೆಯಬಹುದು. ಆದ್ದರಿಂದ ಜಾಗ ಹುಡುಕುವಾಗ ಪತ್ರ, ಬಿಲ್ಲು, ಮಕ್ಕಳ ಪ್ರಬಂಧಗಳನ್ನು ಅಳಿಸುತ್ತ ಕೂರಬೇಡಿ. ನೂರು ಪತ್ರ ಅಳಿಸಿದರೂ ಒಂದು ನಿಮಿಷದ ಚೆಂಡೆಗೆ ಜಾಗ ಆಗುವುದಿಲ್ಲ.

ಎರಡನೆಯ ಚೌಕ 46 ಜಿಬಿಯದು. ಸಿಸ್ಟಮ್ ವಾಲ್ಯೂಮ್ ಇನ್ಫರ್ಮೇಷನ್ ಎಂಬ ಫೋಲ್ಡರ್. ಅಡ್ಮಿನಿಸ್ಟ್ರೇಟರ್ ಆಗಿದ್ದರೂ ಸಾಮಾನ್ಯವಾಗಿ ಅದು ತೆರೆಯುವುದಿಲ್ಲ, ಅದಕ್ಕೇ ಅದನ್ನು ವೈರಸ್ ಎಂದು ಹೇಳುವ ಫಾರ್ವರ್ಡ್‌ಗಳೂ ಇವೆ. ಅದು ವಿಂಡೋಸಿನದ್ದೇ ಫೋಲ್ಡರ್. ಅಪ್‌ಡೇಟ್ ಕೈಕೊಟ್ಟರೆ ನಿನ್ನೆಯ ಸ್ಥಿತಿಗೆ ಮರಳಲು ಬೇಕಾದ ರಿಸ್ಟೋರ್ ಪಾಯಿಂಟ್‌ಗಳು ಅಲ್ಲಿರುತ್ತವೆ. ಎಷ್ಟು ಜಾಗ ಹಿಡಿಯಬಹುದು ಎಂಬುದಕ್ಕೆ ಮಿತಿ ಇದೆ, ಈ ಲ್ಯಾಪ್‌ಟಾಪಿನಲ್ಲಿ ಯಾರೋ ಅದನ್ನು 100ಕ್ಕೆ 10ಕ್ಕೆ ಎಳೆದಿಟ್ಟಿದ್ದರು. ಸ್ಟಾರ್ಟ್ ಮೆನುವಿನಲ್ಲಿ ‘ಕ್ರಿಯೇಟ್ ಎ ರಿಸ್ಟೋರ್ ಪಾಯಿಂಟ್’ ಎಂದು ಹುಡುಕಿ, ಕಾನ್ಫಿಗರ್ ಒತ್ತಿದರೆ ಎಳೆಯುವ ಪಟ್ಟಿ ಬರುತ್ತದೆ. ಅದನ್ನು 3ಕ್ಕೆ ಇಳಿಸಿದೆವು. 32 ಜಿಬಿ ಬಿಡುಗಡೆಯಾಯಿತು. ಪೂರ್ತಿ ಬಂದ್ ಮಾಡುವುದು ನನ್ನ ಮಟ್ಟಿಗೆ ಬುದ್ಧಿವಂತಿಕೆಯಲ್ಲ.

ಮೂರನೆಯದು ನನಗೂ ಮೊದಲು ಹೊಳೆಯಲಿಲ್ಲ. ಕಸದ ಬುಟ್ಟಿ ಎಂದು ನಾವು ನೋಡುವ ರೀಸೈಕಲ್ ಬಿನ್ ಡಿಸ್ಕ್‌ಗೆ ಒಂದಲ್ಲ, ಯೂಸರಿಗೆ ಒಂದು. ಮಾವ ತಮ್ಮ ಬುಟ್ಟಿಯನ್ನು ದಿನಾ ಖಾಲಿ ಮಾಡುತ್ತಿದ್ದರು. ಮಗನ ಬುಟ್ಟಿಯಲ್ಲಿ 21 ಜಿಬಿ ವರ್ಷಗಳಿಂದ ಕೂತಿತ್ತು. ಮಾವನ ತೆರೆಯಲ್ಲಿ ಅದು ಕಾಣುವ ಸಂಭವವೇ ಇಲ್ಲ. ಎಲ್ಲರ ಬುಟ್ಟಿಯನ್ನೂ ಒಂದೇ ಏಟಿಗೆ ಖಾಲಿ ಮಾಡುವ ಕಮಾಂಡ್ ಒಂದು ಗ್ರೂಪುಗಳಲ್ಲಿ ಓಡಾಡುತ್ತದೆ. ಅದು ಸುಳ್ಳಲ್ಲ, ಕೆಲಸ ಮಾಡುತ್ತದೆ. ಆದರೆ ಇನ್ನೊಬ್ಬರ ಬುಟ್ಟಿಯಲ್ಲಿ ಏನಿದೆ ಎಂದು ಅವರನ್ನು ಕೇಳದೆ ಎಸೆಯುವುದು ಸರಿಯಲ್ಲ.

ವಿಂಡೋಸ್ ತನಗಾಗಿ ಇಟ್ಟುಕೊಂಡದ್ದು

ಇನ್ನು ಎರಡು ಫೈಲು, ಪೇಜ್‌ಫೈಲ್ ಮತ್ತು ಹೈಬರ್‌ಫಿಲ್. ಎರಡೂ ಸಿ ಡ್ರೈವಿನ ಮೇಲ್ಪದರದಲ್ಲೇ ಇರುತ್ತವೆ, ಆದರೆ ‘ಹಿಡನ್ ಫೈಲ್ ತೋರಿಸು’ ಎಂದರೂ ಕಾಣುವುದಿಲ್ಲ. ‘ಪ್ರೊಟೆಕ್ಟೆಡ್ ಆಪರೇಟಿಂಗ್ ಸಿಸ್ಟಮ್ ಫೈಲ್’ ಎಂಬ ಇನ್ನೊಂದು ಗುರುತನ್ನೂ ತೆಗೆಯಬೇಕು.

ಪೇಜ್‌ಫೈಲ್ ಎಂದರೆ ರ‍್ಯಾಮ್ ಸಾಲದಾದಾಗ ವಿಂಡೋಸ್ ಬಳಸುವ ಹೆಚ್ಚುವರಿ ಜಗಲಿ. ಮಾವನದ್ದು 9 ಜಿಬಿ ಇತ್ತು. ಅದರ ಗಾತ್ರವನ್ನು ವಿಂಡೋಸ್ ತಾನೇ ಏರಿಸಿ ಇಳಿಸಿಕೊಳ್ಳುತ್ತದೆ, ಮುಟ್ಟದಿರುವುದು ಮೇಲು.

ಹೈಬರ್‌ಫಿಲ್ ಹೈಬರ್ನೇಟ್ ಆಗುವಾಗ ಬೇಕಾದದ್ದು. ತೆರೆದಿಟ್ಟ ಕೆಲಸವನ್ನೆಲ್ಲ ಡಿಸ್ಕ್‌ಗೆ ಬರೆದು ಲ್ಯಾಪ್‌ಟಾಪ್ ಪೂರ್ತಿ ಆರುತ್ತದೆ, ಮತ್ತೆ ಹಚ್ಚಿದಾಗ ಎಲ್ಲಿ ಬಿಟ್ಟಿತ್ತೋ ಅಲ್ಲಿಂದ ಏಳುತ್ತದೆ. ವಿಂಡೋಸ್ 10ರಲ್ಲಿ ಇದು ಸಾಮಾನ್ಯವಾಗಿ ರ‍್ಯಾಮ್‌ನ 100ಕ್ಕೆ 40ರಷ್ಟು ಜಾಗ ಹಿಡಿಯುತ್ತದೆ. 8 ಜಿಬಿ ರ‍್ಯಾಮ್‌ಗೆ ಸುಮಾರು 3 ಜಿಬಿ. ಹೈಬರ್ನೇಷನ್ ನಿಲ್ಲಿಸಿದರೆ ಫೈಲು ತಾನಾಗಿ ಹೋಗುತ್ತದೆ. ನಗರದಲ್ಲಿ ಯುಪಿಎಸ್ ಇಟ್ಟುಕೊಂಡು ಡೆಸ್ಕ್‌ಟಾಪ್ ಬಳಸುವವರು ನಿಲ್ಲಿಸಲಿ, ನನ್ನ ತಕರಾರಿಲ್ಲ. ಹಾಲಾಡಿಯ ಕಡೆ ಜೂನ್ ಜುಲೈನಲ್ಲಿ ಕರೆಂಟು ಹೋದರೆ ಯಾವಾಗ ಬರುತ್ತದೆ ಎಂದು ಹೇಳುವ ಹಾಗಿಲ್ಲ. ಬ್ಯಾಟರಿ ಮುಗಿಯುವ ಹೊತ್ತಿಗೆ ಲ್ಯಾಪ್‌ಟಾಪ್ ಕೆಲಸವನ್ನು ಜೋಪಾನ ಮಾಡಿ ಮಲಗುವುದಾದರೆ 3 ಜಿಬಿ ದುಬಾರಿಯಲ್ಲ. ಅದನ್ನು ಹಾಗೇ ಬಿಟ್ಟೆವು.

ಕರೆಂಟಿನ ಮಾತು ಬಂದಾಗ ಇನ್ನೊಂದು. ಡೆಸ್ಕ್‌ಟಾಪ್ ಬರೆಯುತ್ತಿರುವಾಗಲೇ ಕರೆಂಟು ಹೋದರೆ ಫೈಲಿನ ತುಂಡುಗಳು ವಾರಸುದಾರರಿಲ್ಲದೆ ಉಳಿಯಬಹುದು. ಜಾಗ ಹಿಡಿದಿರುತ್ತವೆ, ಯಾವ ಫೋಲ್ಡರಿನಲ್ಲೂ ಕಾಣುವುದಿಲ್ಲ. ವಿಂಡೋಸಿನ ಚೆಕ್‌ಡಿಸ್ಕ್ ಓಡಿಸಿದಾಗ ಅವುಗಳನ್ನೆಲ್ಲ ಹೆಕ್ಕಿ ಫೌಂಡ್.000 ಎಂಬ ಬಚ್ಚಿಟ್ಟ ಫೋಲ್ಡರಿಗೆ ಹಾಕುತ್ತದೆ. ಡಿಸ್ಕ್ ಕಟಕಟ ಸದ್ದು ಮಾಡುತ್ತಿದ್ದರೆ ಮಾತ್ರ ಚೆಕ್‌ಡಿಸ್ಕ್‌ಗೆ ಹೋಗಬೇಡಿ. ಮೊದಲು ಮುಖ್ಯವಾದದ್ದನ್ನು ಬೇರೆ ಡಿಸ್ಕ್‌ಗೆ ನಕಲು ಮಾಡಿ.

ಮಗನ 94, ರಿಸ್ಟೋರ್‌ನ 46, ಬುಟ್ಟಿಯ 21, ಪೇಜ್‌ಫೈಲಿನ 9, ಹೈಬರ್‌ಫಿಲ್‌ನ 3. ಒಟ್ಟು 173 ಜಿಬಿ. 186ಕ್ಕೆ ಇನ್ನು 13 ಬಾಕಿ. ಮಾವನ ಅಕೌಂಟಿಗೆ ಒಳಗೆ ಬಿಡದ ವಿಂಡೋಸಿನ ಬೇರೆ ಫೋಲ್ಡರುಗಳು, ಯಾವ ಫೈಲು ಎಲ್ಲಿದೆ ಎಂದು ಡಿಸ್ಕ್ ಇಟ್ಟುಕೊಳ್ಳುವ ಸೂಚಿಪಟ್ಟಿ, ಕ್ಲಸ್ಟರ್ ನಷ್ಟ, ಇವುಗಳಲ್ಲಿ ಅದು ಹಂಚಿಹೋಗಿತ್ತು. ಅದರ ಬೆನ್ನು ಹತ್ತಲಿಲ್ಲ.

ಕ್ಲಸ್ಟರ್ ನಷ್ಟ ಎಂದರೇನು? ಡಿಸ್ಕ್ ಜಾಗವನ್ನು ಬೈಟ್ ಲೆಕ್ಕದಲ್ಲಿ ಹಂಚುವುದಿಲ್ಲ, ಕಟ್ಟು ಕಟ್ಟಾಗಿ ಹಂಚುತ್ತದೆ. ವಿಂಡೋಸಿನ ಸಿ ಡ್ರೈವಿನಲ್ಲಿ ಒಂದು ಕಟ್ಟು ಸಾಮಾನ್ಯವಾಗಿ 4 ಕೆಬಿ. 5 ಕೆಬಿಯ ಫೈಲಿಗೆ ಎರಡು ಕಟ್ಟು, ಅಂದರೆ 8 ಕೆಬಿ ಹೋಗುತ್ತದೆ. ಪ್ರಾಪರ್ಟೀಸ್‌ನಲ್ಲಿ ‘ಸೈಜ್’ ಮತ್ತು ‘ಸೈಜ್ ಆನ್ ಡಿಸ್ಕ್’ ಎಂದು ಎರಡು ಅಂಕಿ ಕಾಣುವುದು ಇದಕ್ಕೇ. ಸಿ ಡ್ರೈವಿನಲ್ಲಿ ಇದು ದೊಡ್ಡ ವಿಷಯವಲ್ಲ, ಪೆನ್‌ಡ್ರೈವಿನಲ್ಲಿ ಆಗಬಹುದು. 64 ಜಿಬಿ ಪೆನ್‌ಡ್ರೈವನ್ನು ಎಕ್ಸ್‌ಫ್ಯಾಟ್ ಪದ್ಧತಿಯಲ್ಲಿ ಫಾರ್ಮ್ಯಾಟ್ ಮಾಡಿದರೆ ಒಂದು ಕಟ್ಟು 128 ಕೆಬಿ. 2 ಕೆಬಿಯ ಚಿಕ್ಕ ಫೈಲೂ 128 ಕೆಬಿ ನುಂಗುತ್ತದೆ. ಅಂಥ 50,000 ಚಿಕ್ಕ ಫೈಲು ಹಾಕಿದರೆ ಇರುವ ಮಾಹಿತಿ 100 ಎಂಬಿಯಾದರೂ 6 ಜಿಬಿ ಖರ್ಚು. ಎಲ್ಲವನ್ನೂ ಒಂದು ಜಿಪ್ ಮಾಡಿ ಹಾಕಿದರೆ ಮುಗಿಯಿತು.

ಫಾರ್ವರ್ಡ್‌ಗಳಲ್ಲಿ ಬರುವ ಉಳಿದ ಸಲಹೆಗಳು

ಟೆಂಪ್ ಫೋಲ್ಡರ್ ಖಾಲಿ ಮಾಡಿ ಎನ್ನುವುದು ಸರಿ. ಅದನ್ನು ಕೈಯಿಂದ ಮಾಡಬೇಕಿಲ್ಲ, ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಅದರಲ್ಲಿ ಸ್ಟೋರೇಜ್‌ಗೆ ಹೋದರೆ ಟೆಂಪರರಿ ಫೈಲುಗಳ ಪಟ್ಟಿ ಗಾತ್ರದೊಂದಿಗೆ ಬರುತ್ತದೆ. ಆ ಪಟ್ಟಿಯಲ್ಲಿ ‘ಡೌನ್‌ಲೋಡ್ಸ್’ ಎಂಬ ಗುರುತು ಮಾತ್ರ ನೋಡಿ ಒತ್ತಿ. ಅದು ಕಸವಲ್ಲ, ನೀವು ಇಳಿಸಿಕೊಂಡ ಆರ್‌ಟಿಸಿ, ಅಂಕಪಟ್ಟಿ ಎಲ್ಲ ಅಲ್ಲೇ ಇರುತ್ತವೆ.

ಪ್ರಿಫೆಚ್ ಅಳಿಸಿ ಎನ್ನುವುದು ನಿರುಪಯೋಗಿ. ತಂತ್ರಾಂಶಗಳು ಬೇಗ ತೆರೆಯಲಿ ಎಂದು ವಿಂಡೋಸ್ ಬರೆದಿಟ್ಟುಕೊಂಡ ಚಿಕ್ಕ ಟಿಪ್ಪಣಿಗಳವು. ಅಳಿಸಿದರೆ ಜಾಗ ಸಿಗುವುದು ಅಷ್ಟಕ್ಕಷ್ಟೆ, ವಿಂಡೋಸ್ ಮತ್ತೆ ಬರೆಯುತ್ತದೆ.

ವಿನ್‌ಎಸ್‌ಎಕ್ಸ್‌ಎಸ್ ಅಥವಾ ಸಿಸ್ಟಮ್32 ಅಳಿಸಿ ಎಂದು ಬಂದರೆ ಮುಂದೆ ಓದಲೇಬೇಡಿ. ಸಿಸ್ಟಮ್32 ಹೋದರೆ ವಿಂಡೋಸ್ ಏಳುವುದಿಲ್ಲ. ವಿನ್‌ಎಸ್‌ಎಕ್ಸ್‌ಎಸ್ ನೋಡಲು ಬಹಳ ದೊಡ್ಡದು, ಆದರೆ ಅದರ ಎಷ್ಟೋ ಫೈಲುಗಳು ವಿಂಡೋಸಿನ ಬೇರೆ ಫೋಲ್ಡರುಗಳಲ್ಲಿರುವ ಫೈಲುಗಳೇ. ಒಂದೇ ಫೈಲಿಗೆ ಎರಡು ಕಡೆ ಹೆಸರು. ಎಣಿಸುವಾಗ ಎರಡು ಸಲ ಬರುತ್ತದೆ, ಡಿಸ್ಕ್‌ನಲ್ಲಿ ಹಿಡಿಯುವುದು ಒಮ್ಮೆಯೇ.

ವಿಂಡೋಸ್.ಓಲ್ಡ್ ಎಂಬುದು ದೊಡ್ಡ ಅಪ್‌ಗ್ರೇಡ್ ಆದ ಮೇಲೆ ಉಳಿಯುವ ಹಳೆಯ ವಿಂಡೋಸ್. ಸಾಮಾನ್ಯವಾಗಿ 10 ದಿನ ಕಳೆದ ಮೇಲೆ ತಾನೇ ಹೋಗುತ್ತದೆ. ಅಪ್‌ಡೇಟ್‌ಗಳಿಗೆಂದೇ ಸುಮಾರು 7 ಜಿಬಿ ಕಾದಿರಿಸುವ ಪದ್ಧತಿಯೂ 2019ರಿಂದ ವಿಂಡೋಸ್ 10ರಲ್ಲಿದೆ, ಅದು ಇದ್ದರೆ ಚಿಂತೆ ಬೇಡ.

ಹಳೆಯ ಡಿಸ್ಕ್ ಸವೆದು ಜಾಗ ಕಡಿಮೆಯಾಗುತ್ತದೆ ಎಂಬುದು ನಿಜವಲ್ಲ. ಕೆಟ್ಟುಹೋದ ಸೆಕ್ಟರಿನ ಬದಲಿಗೆ ಬಳಸಲೆಂದು ಡಿಸ್ಕ್‌ನಲ್ಲಿ ಮೊದಲೇ ಹೆಚ್ಚುವರಿ ಸೆಕ್ಟರುಗಳು ಇರುತ್ತವೆ, ಒಟ್ಟು ಅಂಕಿ ಹಾಗೇ ಉಳಿಯುತ್ತದೆ. ಬದಲಿ ಸೆಕ್ಟರುಗಳು ವೇಗವಾಗಿ ಖರ್ಚಾಗುತ್ತಿದ್ದರೆ ಡಿಸ್ಕ್ ಸಾಯುವ ಸೂಚನೆ ಅದು. ಇನ್ನು ವೈರಸ್. ಜಾಗ ತುಂಬಿಸುವ ವೈರಸ್ ಇರಲಾರದು ಎಂದಲ್ಲ. ಆದರೆ ಕಂಪ್ಯೂಟರಿಗೆ ಹೊಕ್ಕವರಿಗೆ ಬೇಕಾದ್ದು ನಿಮ್ಮ ಪಾಸ್‌ವರ್ಡು ಮತ್ತು ದುಡ್ಡು. ಡಿಸ್ಕ್ ತುಂಬಿಸಿ ಸಿಕ್ಕಿಹಾಕಿಕೊಳ್ಳುವುದರಿಂದ ಅವರಿಗೆ ಲಾಭವಿಲ್ಲ.

ಒನ್‌ಡ್ರೈವ್ ಬಳಸುವವರಿಗೆ ಒಂದು ಎಚ್ಚರಿಕೆ. ಅಲ್ಲಿ ಕಾಣುವ ಎಷ್ಟೋ ಫೈಲುಗಳು ನಿಮ್ಮ ಡಿಸ್ಕ್‌ನಲ್ಲಿ ಇರುವುದೇ ಇಲ್ಲ, ಹೆಸರು ಮಾತ್ರ ಇರುತ್ತದೆ. ಜಾಗ ಮಾಡಲು ಅದನ್ನು ಡಿಲೀಟ್ ಒತ್ತಿದರೆ ಜಾಗ ಸಿಗುವುದಿಲ್ಲ, ಇಂಟರ್ನೆಟ್ಟಿನಲ್ಲಿದ್ದ ಮೂಲವೂ ಹೋಗುತ್ತದೆ. ‘ಫ್ರೀ ಅಪ್ ಸ್ಪೇಸ್’ ಎಂಬ ಆಯ್ಕೆಯೇ ಬೇರೆ ಇದೆ, ಅದನ್ನು ಬಳಸಿ.

ಮೊಬೈಲಿನಲ್ಲೂ ಇದೇ ಕತೆ. ನೀವು ಒಬ್ಬರಿಗೆ ಕಳುಹಿಸಿದ ವಿಡಿಯೋದ ಪ್ರತಿ ವಾಟ್ಸಾಪಿನ ‘ಸೆಂಟ್’ ಫೋಲ್ಡರಿನಲ್ಲಿ ಉಳಿದಿರಬಹುದು, ಗ್ಯಾಲರಿಯಲ್ಲಿ ಹುಡುಕಿದರೆ ಸಿಗುವುದಿಲ್ಲ. ವಾಟ್ಸಾಪಿನ ಸೆಟ್ಟಿಂಗ್ಸ್‌ನಲ್ಲಿ ‘ಸ್ಟೋರೇಜ್ ಆ್ಯಂಡ್ ಡೇಟಾ’, ಅದರೊಳಗೆ ‘ಮ್ಯಾನೇಜ್ ಸ್ಟೋರೇಜ್’ ತೆರೆಯಿರಿ. ಬಹಳ ಸಲ ಫಾರ್ವರ್ಡ್ ಆದವು ಎಂದೇ ಒಂದು ವಿಭಾಗ ಇದೆ. ಗುಡ್ ಮಾರ್ನಿಂಗ್ ವಿಡಿಯೋಗಳು ಎಷ್ಟು ಜಿಬಿ ಎಂದು ಅಲ್ಲಿ ಗೊತ್ತಾಗುತ್ತದೆ.

ಮಾವನ ಲ್ಯಾಪ್‌ಟಾಪ್

ಮೂರೂ ಆಟಗಳನ್ನು ಎರಡು ಎಕ್ಸ್‌ಟರ್ನಲ್ ಡಿಸ್ಕ್‌ಗೆ ನಕಲು ಮಾಡಿದೆವು. ಒಂದೇ ಡಿಸ್ಕ್‌ಗೆ ಹಾಕಿ ಮೂಲ ಅಳಿಸಿದರೆ ಅದು ಬ್ಯಾಕಪ್ ಅಲ್ಲ, ಬರೀ ಜಾಗ ಬದಲಾವಣೆ. ಪ್ರತಿ ಫೈಲನ್ನೂ ತೆರೆದು, ನಡುವೆ ಒಮ್ಮೆ, ಕೊನೆಯಲ್ಲಿ ಒಮ್ಮೆ ಓಡಿಸಿ ನೋಡಿದ ಮೇಲೆಯೇ ಮೂಲವನ್ನು ಅಳಿಸಿದ್ದು. ಹಾಗೆ ನೋಡುವಾಗ ಅಜ್ಜಿ ಕೂತಿದ್ದ ಭಾಗ ಬಂತು. ಮಾವ ಅಲ್ಲೇ ನಿಲ್ಲಿಸಲು ಹೇಳಿ ಒಳಗಿನಿಂದ ಮನೆಯವರನ್ನೆಲ್ಲ ಕರೆದರು, ಆ ದಿನ ಮುಂದಿನ ಕೆಲಸ ಆಗಲಿಲ್ಲ.

ವಿಡಿಯೋಗಳಿಂದ 80, ರಿಸ್ಟೋರ್‌ನಿಂದ 32, ಮೊದಲಿದ್ದ 11 ಸೇರಿ ಈಗ 123 ಜಿಬಿ ಖಾಲಿ ಇದೆ. ಮಗನ ಅಕೌಂಟ್ ಹಾಗೇ ಇದೆ. ಅವನ ಕಸದ ಬುಟ್ಟಿಯ 21 ಜಿಬಿಯನ್ನೂ ಮುಟ್ಟಿಲ್ಲ. ಚೌತಿಗೆ ಊರಿಗೆ ಬಂದಾಗ ಅವನೇ ನೋಡಿ ಬೇಡದ್ದನ್ನು ಅಳಿಸುತ್ತಾನಂತೆ.